ಬಂದೂಕಿಲ್ಲದ ಗುಂಡುಗಳು

ಪೊಲೀಸ್ ಶಸ್ತ್ರಾಗಾರದ ಬೀಗ ತೆಗೆಯುವುದು, ಹಾಕುವುದರಲ್ಲೇ ಇಪ್ಪತ್ತೆರಡು ವರ್ಷ ಸವೆಸಿದ ಬೀಗದಮ್ಮನಿಗೆ ನಿವೃತ್ತಿಯ ದಿನ ಬಂದು, ಹೋಗಿ, ಆಗಲೇ ಎಂಟು ದಿನವಾಗಿತ್ತು. ಆದರೂ ಆಕೆ ಅದೇ ಕಬ್ಬಿಣದ ಬಾಗಿಲ ಮುಂದೆ ಅದೇ ಮರದ ಸ್ಟೂಲಿನ ಮೇಲೆ ಕೂತಿದ್ದಳು. ಚಾರ್ಜು ವಹಿಸಿಕೊಡದೆ ಹೊರಡುವ ಹಾಗಿರಲಿಲ್ಲ. ಅತ್ತ ದೂರದ ಊರಿನಲ್ಲಿ ಮಗಳಿಗೆ ದಿನ ತುಂಬಿತ್ತು. "ನೀನು ಬಂದಮೇಲೇ ಆಸ್ಪತ್ರೆಗೆ ಹೋಗೋದು ಅಮ್ಮ" ಎಂದು ಬೆಳಿಗ್ಗೆ ಸಂಜೆ ಫೋನಿನಲ್ಲಿ ಹಠ. ಹೊಟ್ಟೆಯೊಳಗಿನ ಕೂಸಿಗೆ ಸರ್ಕಾರದ ನಿಯಮ ಯಾರು ಹೇಳಬೇಕು?

ಅಡ್ಡ ಕೂತವನು ಹೊಸ ಸ್ಟೋರ್‌ಕೀಪರ್. ಮಾತಿಗೊಮ್ಮೆ ಕನ್ನಡಕ ಒರೆಸುವ ಆಸಾಮಿ, ಪುಸ್ತಕದಲ್ಲಿದ್ದದ್ದು ಬಿಟ್ಟರೆ ಜಪ್ಪಯ್ಯ ಅಂದರೂ ಸಹಿ ಹಾಕುವವನಲ್ಲ. ಪುಸ್ತಕದಲ್ಲಿ ಇದ್ದದ್ದು ಇಷ್ಟು: ಸರಕು ಬಂದಾಗಲೂ, ಕೈ ಬದಲಾದಾಗಲೂ, ಪ್ರತಿ ಸರಕಿನಿಂದ ಒಂದು ಗುಂಡನ್ನು ಹಿತ್ತಿಲ ಮರಳಗುಂಡಿಗೆ ಹಾರಿಸಬೇಕು. ಸಿಡಿದರೆ ಸಹಿ, ಇಲ್ಲದಿದ್ದರೆ ಇಲ್ಲ.

ಮುಂದಿನ ಕೋಣೆಯದೆಲ್ಲ ಎರಡೇ ದಿನದಲ್ಲಿ ಮುಗಿದಿತ್ತು. ಹಿಂದಿನ ಕೋಣೆಯಲ್ಲಿ ಮಾತ್ರ ನೆಲದಿಂದ ಸೂರಿನವರೆಗೆ ಹಸಿರು ಪೆಟ್ಟಿಗೆಗಳು. ಒಳಗಿದ್ದದ್ದು ಹಳೇ ಉದ್ದ ಬಂದೂಕಿನ ಗುಂಡು. ಆ ಬಂದೂಕುಗಳನ್ನು ಕುಲುಮೆಗೆ ಹಾಕಿ ಕರಗಿಸಿ ಹತ್ತೊಂಬತ್ತು ವರ್ಷವಾಗಿತ್ತು. ಗುಂಡು ಮಾತ್ರ ವರ್ಷವರ್ಷವೂ ತಪ್ಪದೆ ಬರುತ್ತಿತ್ತು.

"ಬಂದೂಕೇ ಇಲ್ಲ ಅಂದ್ಮೇಲೆ ಯಾಕೆ ತರಿಸಿದ್ರಿ ಮೇಡಂ?"

"ಬೇಡಿಕೆ ಫಾರಂನಲ್ಲಿ ಹೋದ ವರ್ಷದ್ದನ್ನೇ ಬರೆಯೋದು ಇಲ್ಲಿನ ಪದ್ಧತಿ. ಬೇಡ ಅಂತ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ನನಗ್ಯಾಕೆ ಊರ ಉಸಾಬರಿ ಅಂತ ನಾನೂ ನಕಲು ಮಾಡ್ತಾ ಹೋದೆ."

"ಹಾರಿಸಿ ನೋಡದೆ ಹೇಗೆ ತಗೊಂಡ್ರಿ?"

"ಕಣ್ಣು ಮುಚ್ಕೊಂಡು" ಎಂದಳು ಬೀಗದಮ್ಮ. ಹೇಳಿದ ಮೇಲೆ ಆಕೆಗೆ ನಿಜಕ್ಕೂ ನಾಚಿಕೆಯಾಯಿತು. ಎಷ್ಟಾದರೂ ತಾನೇ ಪೇರಿಸಿಟ್ಟ ಪೆಟ್ಟಿಗೆಗಳು, ಈಗ ತನ್ನ ದಾರಿಗೇ ಅಡ್ಡ ನಿಂತಿದ್ದವು.

ಅಷ್ಟರಲ್ಲಿ ಫೋನು. ಈ ಸಲ ಅಳಿಯ. "ಅತ್ತೆ, ಡಾಕ್ಟರು ನಾಳಿದ್ದು ಅಂತಿದಾರೆ. ಇವಳು ಮಂಚ ಬಿಟ್ಟು ಏಳ್ತಿಲ್ಲ."

ಬೀಗದಮ್ಮ ಫೋನಿಟ್ಟವಳೇ ಸೆರಗು ಬಿಗಿದು ಮೇಲಿನ ಸಾಹೇಬರ ಕೋಣೆಗೆ ನುಗ್ಗಿದಳು. ಅವರ ಕುರ್ಚಿಯ ಹಿಂದೆ, ಗೋಡೆಯ ಮೇಲೆ, ಕರಗದೆ ಉಳಿದ ಒಂದೇ ಒಂದು ಉದ್ದ ಬಂದೂಕು ತೂಗುತ್ತಿತ್ತು.

"ಸರ್, ಅದನ್ನ ಕೆಳಗಿಳಿಸಿ."

"ಅದು ಶೋಗೆ ಇಟ್ಟಿದ್ದು ಬೀಗದಮ್ಮ. ಬಂದೋರಿಗೆ ತೋರಿಸ್ತೀನಿ. ತುಕ್ಕು ಹಿಡಿದು ಎಷ್ಟು ಕಾಲ ಆಯ್ತೋ ಏನೋ."

"ಹಿಡಿದಿಲ್ಲ. ನೀವು ಊಟಕ್ಕೆ ಹೋದಾಗ ಪ್ರತಿ ಶನಿವಾರ ಬಿಚ್ಚಿ ಎಣ್ಣೆ ಹಾಕ್ತಾ ಬಂದಿದೀನಿ. ಮನಸ್ಸು ತಡೀಲಿಲ್ಲ. ನನ್ನ ಮಗಳು ಹೆರಿಗೆಗೆ ನನ್ನ ದಾರಿ ಕಾಯ್ತಿದಾಳೆ ಸರ್. ದಮ್ಮಯ್ಯ, ಇವತ್ತು ನನ್ನ ಕಳಿಸಿಕೊಡಿ."

ಸಾಹೇಬರು ತಾವೇ ಕುರ್ಚಿ ಹತ್ತಿ ಬಂದೂಕು ಇಳಿಸಿದರು.

ಹತ್ತೊಂಬತ್ತು ಸರಕು, ಹತ್ತೊಂಬತ್ತು ಗುಂಡು. ಮೊದಲನೆಯದನ್ನು ಸಾಹೇಬರು ಹಾರಿಸಿದರು. ಢಂ ಎಂದಿತು, ಕಾಗೆಗಳೆಲ್ಲ ಎದ್ದವು. ಉಳಿದವನ್ನೂ ನಾನೇ ಹಾರಿಸುತ್ತೇನೆಂದು ಸಾಹೇಬರು ಬಂದೂಕನ್ನು ಯಾರ ಕೈಗೂ ಕೊಡಲೊಲ್ಲರು. ಹೊಸ ಸ್ಟೋರ್‌ಕೀಪರ್ ಕನ್ನಡಕ ಒರೆಸಿ ಒರೆಸಿ ಹತ್ತೊಂಬತ್ತು ಸಹಿ ಹಾಕಿದ. ಬೀಗದಮ್ಮ ಬೀಗದಕೈ ಗೊಂಚಲನ್ನು ಅವನ ಕೈಗಿಟ್ಟು, ಮೇಜಿನ ಮೇಲಿದ್ದ ಈ ವರ್ಷದ ಬೇಡಿಕೆ ಫಾರಂ ಎಳೆದುಕೊಂಡು ದಪ್ಪ ಅಕ್ಷರದಲ್ಲಿ 'ಬೇಡ' ಎಂದು ಬರೆದು, ನಾಲ್ಕೂವರೆಯ ರೈಲು ಹಿಡಿದಳು.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದಾಗ ಹೊಸ ಸ್ಟೋರ್‌ಕೀಪರನ ಫೋನು ಬಂತು.

"ಮೇಡಂ, ನಿಮ್ಮ 'ಬೇಡ' ವಾಪಸ್ ಬಂತು. ಅಲ್ಲಿ ಸಂಖ್ಯೆನೇ ಇರಬೇಕಂತೆ. ಸೊನ್ನೆ ಹಾಕಿದೆ, ಖಾಲಿ ಬಿಟ್ಟಿದೀರಿ ಅಂತ ಅದೂ ವಾಪಸ್. ಕೊನೆಗೆ ಒಂದು ಅಂತ ಬರೆದೆ."

"ಆಮೇಲೆ?"

"ಇವತ್ತು ಬಂತು. ಲಾರಿ, ಆರು ಜನ ಕಾವಲು, ಹಸಿರು ಪೆಟ್ಟಿಗೆ. ಒಳಗೆ ಒಂದೇ ಗುಂಡು."

"ಹಿಂದಿನ ಕೋಣೆಗೆ ಸೇರಿಸಿದ್ರಾ?"

"ಅದು ಹೇಗೆ ಸೇರಿಸ್ಲಿ? ಸರಕು ಬಂದಾಗ ಒಂದು ಹಾರಿಸಿ ನೋಡ್ಬೇಕಲ್ಲ ಮೇಡಂ, ಪುಸ್ತಕದಲ್ಲಿದೆ. ಸಾಹೇಬರು ಹಾರಿಸಿದ್ರು. ಚೆನ್ನಾಗಿ ಸಿಡೀತು. ಸರಕು ಸರಿಯಾಗಿದೆ ಅಂತ ಸಹಿ ಹಾಕ್ದೆ."

"ಆ ಸರಕಲ್ಲಿ ಈಗ ಉಳಿದಿರೋದೆಷ್ಟು?"

"ಸೊನ್ನೆ."

ಬೀಗದಮ್ಮನಿಗೆ ತಡೆಯಲಾರದ ನಗು ಬಂತು. ಕಾಲ ಮೇಲಿದ್ದ ಕೂಸು ಅಲುಗಾಡಿ, ಎದ್ದು, ರಾಗ ತೆಗೆಯಿತು. "ಅಮ್ಮ, ಈಗ ತಾನೇ ಮಲಗಿಸಿದ್ದಲ್ವೇ" ಎಂದು ಮಗಳು ಒಳಗಿಂದ ಗದರಿದಳು.