ಮಾವನ ಗೊರಕೆಗೆ ಬಿದ್ದ ಕತ್ತರಿ

ಹಲ್ಲಿನ ಡಾಕ್ಟರಮ್ಮ ಬಿಡುವಾದಾಗ ನಗೆಪದ್ಯ ಕಟ್ಟುತ್ತಿದ್ದಳು. ಈ ಸಲ ಕಟ್ಟಿದ್ದು ಗಂಡನ ತಂದೆಯ ಗೊರಕೆಯ ಮೇಲೆ:

ಅಟ್ಟದ ಮೇಲ್ಗಡೆ ಮಾವನ ಗೊರಕೆ,
ಬೆಟ್ಟವೆ ಉರುಳಿದ ಹಾಗಿದೆ ಗೊರಕೆ,
ತೊಟ್ಟಿಲ ಕೂಸಿಗೆ ಜೋಗುಳ ಗೊರಕೆ,
ಕಟ್ಟಿದ ನಾಯಿಯ ಬೆದರಿಸೊ ಗೊರಕೆ!

ಮಾವ ಅದನ್ನು ಬಾಯಿಪಾಠ ಮಾಡಿ, ತೊಡೆ ತಟ್ಟಿಕೊಂಡು ಹೇಳಿ ಬಂದವರನ್ನೆಲ್ಲ ನಗಿಸುತ್ತಿದ್ದರು. ಪತ್ರಿಕೆಯಲ್ಲಿ ಅಚ್ಚಾಗಿ ಬಂದ ದಿನ ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದವರು, ಮೂರನೆಯ ಸಾಲಿಗೆ ಹೊಸ್ತಿಲು ಎಡವಿದವರಂತೆ ನಿಂತರು. ‘ಶಿಶುವಿನ ನಿದ್ರೆಗೆ ಭಂಗ ತರುವ ಕರ್ಕಶ ಧ್ವನಿ’ ಎಂದಿತ್ತು ಅಲ್ಲಿ.

“ಇದ್ಯಾರ ಗೊರಕೆನಮ್ಮಾ? ನಂದಂತೂ ಅಲ್ಲ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನದ ರೋಗಿಗಳನ್ನು ಸಂಜೆಗೆ ತಳ್ಳಿ, ಬಿಳಿ ಕೋಟಿನಲ್ಲೇ ಪತ್ರಿಕೆಯ ಕಚೇರಿಯ ಮೆಟ್ಟಿಲು ಹತ್ತಿದಳು.

“ನಾಲ್ಕು ಸಾಲಲ್ಲೂ ಅದೇ ಪದ ಇತ್ತಲ್ಲ ಮೇಡಂ, ಪುನರುಕ್ತಿ ದೋಷ. ಒಂದು ಕಡೆ ತೆಗೆದೆ, ಅಷ್ಟೇ,” ಎಂದ ಸಂಪಾದಕ.

“ಸ್ವಾಮಿ, ಒಂದೇ ಸಲ ಬಂದ್ರೆ ಅದು ಗೊರಕೆ ಅಲ್ಲ, ಕೆಮ್ಮು! ಈಗ ನಿಂತೀತು ಅನ್ಕೊಂಡಾಗ್ಲೇ ಮತ್ತೆ ಬರಬೇಕು. ನಗು ಇರೋದೇ ಅಲ್ಲಿ.” ಅವಳು ಮೇಜು ಕುಟ್ಟುತ್ತ ಎಣಿಸಿದಳು. “ತೊಟ್ಟಿಲ, ಕೂಸಿಗೆ, ಜೋಗುಳ... ನಾಲ್ಕು ನಾಲ್ಕು ಮಾತ್ರೆ. ಗೊರಕೆಗೆ ಮೂರೇ. ಉಳಿದ ಒಂದರಲ್ಲಿ ಮಾವ ಉಸಿರು ಎಳ್ಕೋತಾರೆ. ಅಟ್ಟ, ಬೆಟ್ಟ, ತೊಟ್ಟಿಲು ಅಂತ ಹೋಗ್ತಿದ್ದ ಪ್ರಾಸಕ್ಕೆ ನಿಮ್ಮ ಶಿಶು ಎಲ್ಲಿಂದ ಬಂದು ಬಿತ್ತು? ನಮ್ಮನೆ ಕೂಸು ಆ ಸದ್ದಿಗೇ ಮಲಗೋದು!”

“ನಗೆಪದ್ಯದಲ್ಲಿ ಅದನ್ನೆಲ್ಲ ಯಾರು ಎಣಿಸ್ತಾರೆ, ಮೇಡಂ?”

“ಬಾಯಲ್ಲಿರೋ ಹಲ್ಲು ಯಾರು ಎಣಿಸ್ತಾರೆ ಅಂತ ನಾನೂ ಕೈಗೆ ಸಿಕ್ಕಿದ್ದು ಕೀಳ್ಲಾ?”

ಸಂಪಾದಕ ಅರಿವಿಲ್ಲದೆ ದವಡೆ ಹಿಡಿದುಕೊಂಡ. ತಿದ್ದುಪಡಿ ಹಾಕುವುದಾಗಿ ಒಪ್ಪಿಕೊಂಡ.

ಮುಂದಿನ ಸಂಚಿಕೆಯ ಕೊನೆಯ ಪುಟದ ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಅದು ಬಂತು: ‘ಮೂರನೆಯ ಸಾಲನ್ನು “ತೊಟ್ಟಿಲ ಕೂಸಿಗೆ ಜೋಗುಳ ಪೊರಕೆ” ಎಂದು ಓದಿಕೊಳ್ಳಬೇಕು.’

ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಪ್ರಾಸ ಸರಿ ಇದೆ, ಮಾತ್ರೆನೂ ಸರಿ ಇದೆ. ಬಿಟ್ಬಿಡಮ್ಮಾ.”

“ಕೂಸಿಗೆ ಪೊರಕೆಯಲ್ಲಿ ಜೋಗುಳ ಹಾಡೋಳು ಅಂತ ಊರೆಲ್ಲ ಅನ್ಕೊಳ್ಳಲಿ, ಅಲ್ವಾ?” ಎಂದವಳೇ ಚಪ್ಪಲಿ ಮೆಟ್ಟಿದಳು.

ಆ ದಿನ ಸಂಪಾದಕನ ಎದುರು ಕುರ್ಚಿ ಎಳೆದು ಕೂತವಳು, ಇಡೀ ಪದ್ಯದ ಕರಡನ್ನು ತಾನೇ ಅಕ್ಷರ ಅಕ್ಷರ ತಿದ್ದಿ ಅಚ್ಚಿಗೆ ಕಳಿಸಿದ ಮೇಲೆಯೇ ಎದ್ದದ್ದು.