ಉಳಿ ಹಿಡಿದ ಕೈ

"ಗೋರಿಕಲ್ಲಿನ ಮೇಲಿದ್ದ ಇಸ್ಲಾಮಿನ ಪ್ರಮಾಣವಾಕ್ಯ ಕಲಿಮಾವನ್ನು ನಾನೇ ಕೆತ್ತಿ ತೆಗೆದೆ ಅಂತ ಬರೆಸಿದ್ದೀರಿ. ಸ್ವಂತ ಕೈಯಿಂದ ಮಾಡಿದ್ದು ಕಿರುಕುಳ ಹೇಗಾಗುತ್ತೆ ಅಂತ ಆಯೋಗ ಕೇಳಿದೆ."

ಇಟಲಿಯ ನ್ಯಾಯಾಧೀಶೆ ಹೇಳಿದ್ದನ್ನು ದುಭಾಷಿ ಗುರ್ಮೀತ್ ಪಂಜಾಬಿಗೆ ತಿರುಗಿಸಿದ. ಮುನವ್ವರ್ ಬಲಗೈಯನ್ನು ಕೋಟಿನ ಜೇಬಿನಿಂದ ಹೊರತೆಗೆಯಲಿಲ್ಲ. ಆಶ್ರಯ ಕೊಡಲಾಗದು ಎಂದು ಆಯೋಗ ಅರ್ಜಿ ತಳ್ಳಿದ ಮೇಲೆ ಉಳಿದಿದ್ದು ಈ ಕೋರ್ಟು ಒಂದೇ. ಇಲ್ಲೂ ಸೋತರೆ ಅವನೂ ಅತ್ತಿಗೆ ಬುಶ್ರಾಳೂ ಮತ್ತೆ ಪಾಕಿಸ್ತಾನಕ್ಕೆ, ಮುಸ್ಲಿಮರೇ ಅಲ್ಲವೆಂದು ಅಹ್ಮದಿಗಳ ಹೆಣವನ್ನೂ ನೆಮ್ಮದಿಯಾಗಿ ಮಲಗಗೊಡದ ಅದೇ ಊರಿಗೆ.

"ಹೇಳೋ ಮಾರಾಯ," ಗುರ್ಮೀತ್ ಪಿಸುಗುಟ್ಟಿದ. "ಹೊರಗೆ ಎಮ್ಮೆ ತಳಿ ಬಗ್ಗೆ ಅಷ್ಟು ಕೊರೆದೆ. ಈಗ ಬಾಯಿಗೆ ಬೀಗ ಹಾಕ್ಕೊಂಡ್ರೆ ನಾನೇನು ನಮ್ಮಜ್ಜಿ ಕಥೆ ಹೇಳ್ಲಾ?"

ಮುನವ್ವರ್ ಹಿಂದಿನ ಬೆಂಚಿನಲ್ಲಿದ್ದ ಅತ್ತಿಗೆಯತ್ತ ನೋಡಿದ. ಅಣ್ಣ ನಸೀರನ ಹೆಣವನ್ನು ತಾನೇ ತೊಳೆದು, ಕಫನ್ ಬಟ್ಟೆ ಸುತ್ತಿ, ಅವಳಿಗೆ ಮುಖವಷ್ಟೇ ತೋರಿಸಿ, ಗಾಬರಿಗೆ ಎದೆ ನಿಂತುಹೋಯಿತು ಎಂದಿದ್ದ. ಆಯೋಗದ ಕಾಗದ ಅವಳ ಕಣ್ಣಿಗೆ ಬಿದ್ದೀತೆಂದು ಅಲ್ಲೂ ಹೊಡೆತದ ಸುದ್ದಿ ಬಿಟ್ಟು ಹಾಗೆಯೇ ಬರೆಸಿದ್ದ.

"ನಾನು ಹೇಳ್ತೀನಿ." ಬುಶ್ರಾ ಎದ್ದು ನಿಂತಳು. ನ್ಯಾಯಾಧೀಶೆ ತಡೆಯಲಿಲ್ಲ.

"ಗೋರಿಗಳಿರೋದು ನಮ್ಮನೆ ಹಿಂದೇನೇ. ನಾನು ಮಾಳಿಗೆ ಮೇಲಿದ್ದೆ. ಇವರಪ್ಪನ ಗೋರಿಕಲ್ಲು ಅದು, ಅಕ್ಷರ ಕೆತ್ತಿದ್ದೂ ಇವನೇ. ಗುಂಪು ಕಟ್ಕೊಂಡು ಬಂದೋರು ಅಳಿಸು ಅಂತ ಇವನ ಕೈಗೆ ಉಳಿ ತುರುಕಿದ್ರು. ಆಗಲ್ಲ ಅಂದ. ನನ್ನ ಗಂಡನ ಮೊಣಕಾಲಿಗೆ ಸಲಾಕೆಯಿಂದ ಹೊಡೆದ್ರು. ಮೂಳೆ ಮುರಿದ ಸದ್ದು ಮೇಲಕ್ಕೂ ಕೇಳ್ತು. ಆಗ ಇವನು ಕೆತ್ತಿದ. ಬೇಗ ಕೆತ್ತೋ ನಾಯಿ ಅಂತ ಬಿದ್ದಿದ್ದ ನನ್ನ ಗಂಡನ ಪಕ್ಕೆಗೆ ಒದ್ರು. ಇವನ ಉಳಿ ಜಾರಿ ಹೆಬ್ಬೆರಳು ಸೀಳ್ತು. ರಕ್ತ ಒರೆಸ್ಕೊಂಡು ಕೆತ್ತಿದ. ಕೊನೇ ಅಕ್ಷರ ಹೋದ್ಮೇಲೂ ಬಿಡಲಿಲ್ಲ. ಆ ಕಲ್ಲನ್ನೇ ಕಿತ್ತು ನನ್ನ ಗಂಡನ ತಲೆಗೆ ಹಾಕಿದ್ರು. ನಮ್ಮವರು ಆಮೇಲೂ ಏಳಕ್ಕೆ ನೋಡಿದ್ರು."

"ಅತ್ತಿಗೇ!"

"ಸುಮ್ನಿರು. ಎದೆ ನಿಂತೋಯ್ತು ಅಂದ್ಯಲ್ಲ, ನಂಬಿದ ಹಾಗೆ ತಲೆ ಆಡಿಸ್ದೆ. ನಾನು ನಂಬಿದೆ ಅಂದ್ಕೊಂಡಾದ್ರೂ ನಿನಗೆ ನಿದ್ದೆ ಬರಲಿ ಅಂತ."

ಗುರ್ಮೀತ್ ಅಷ್ಟನ್ನೂ ಇಟಾಲಿಯನ್ನಿಗೆ ತಿರುಗಿಸಿದ. ನ್ಯಾಯಾಧೀಶೆ ಕೈ ತೋರಿಸಲು ಹೇಳಿದರು. ಮುನವ್ವರ್ ಬಲಗೈಯನ್ನು ಮೇಜಿನ ಮೇಲಿಟ್ಟ. ಅವರು ಬಗ್ಗಿ ಹೆಬ್ಬೆರಳಿನ ಗಾಯದ ಗೆರೆ ನೋಡಿದರು. "ಒಂದು ಮಾತೂ ಬಿಡದೆ ಬರೆದುಕೊಳ್ಳಿ," ಎಂದರು ಗುಮಾಸ್ತನಿಗೆ. ತೀರ್ಪು ಆಮೇಲೆ ಬರುವುದಿತ್ತು.

ಹೊರಗೆ ಮೆಟ್ಟಿಲ ಮೇಲೆ ಬುಶ್ರಾ ರೊಟ್ಟಿ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿದಳು. ಹೆಬ್ಬೆರಳು ಮಡಚದ ಮುನವ್ವರನ ಕೈಗೆ ರೊಟ್ಟಿ ಮುರಿಯಲು ಬರುತ್ತಿರಲಿಲ್ಲ. ಅವಳೇ ಚೂರು ಮಾಡಿದಳು. ಮುನವ್ವರ್ ಮತ್ತೆ ಜೇಬು ಸೇರಿದ್ದ ಬಲಗೈ ತೆಗೆದು ಒಡ್ಡಿದ.