ಎದೆಯವರೆಗೆ ಬಂದ ಕೈ

ಲಾಂಡ್ರಿಯಲ್ಲಿ ಚಾದರ ಮಡಿಸಲು ಇಬ್ಬರು ಬೇಕು. ಅಕ್ಕ ಎರಡು ತುದಿ ಹಿಡಿದರೆ, ತಂಗಿ ಎಡಗೈಯಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಗದ್ದದಡಿ ಒತ್ತಿಕೊಳ್ಳುತ್ತಿದ್ದಳು. ಏಳು ತಿಂಗಳಿಂದ ಅವಳ ಬಲಗೈ ಜೋತುಬಿದ್ದಿತ್ತು. ಬೆರಳು ಆಡುತ್ತಿದ್ದವು, ಮೊಣಕೈ ಮಡಚುತ್ತಿರಲಿಲ್ಲ. ಗದ್ದಕ್ಕೂ ಸಂಬಳ ಕೇಳು ಎಂದು ಜೊತೆಯವರು ತಮಾಷೆ ಮಾಡಿದರೆ ಅವಳೂ ನಗುತ್ತಿದ್ದಳು. ಅಕ್ಕನಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಆಗಿದ್ದಿಷ್ಟು. ಬಟ್ಟೆ ಸಿಕ್ಕಿಕೊಳ್ಳುತ್ತದೆಂದು ಇಸ್ತ್ರಿ ರೋಲರ್ ಮುಂದೆ ಕೈ ಒಳಹೋಗದಂತೆ ಇದ್ದ ತಡೆಸರಳನ್ನು ಬಿಚ್ಚಿಟ್ಟಿದ್ದರು. ಒದ್ದೆ ಚಾದರ ತಂಗಿಯ ಮಣಿಕಟ್ಟಿಗೆ ಸುತ್ತಿಕೊಂಡು ಕೈಯನ್ನು ಜಗ್ಗಿ ಎಳೆಯಿತು. ಅಕ್ಕ ಓಡಿಬಂದು ಸ್ವಿಚ್ ಆರಿಸಿದಳು. ರಕ್ತವಿಲ್ಲ, ಗಾಯವಿಲ್ಲ. ಸೂಪರ್‌ವೈಸರ್ ಕೆಟ್ಟವನೇನಲ್ಲ, ಪುಕ್ಕಲ. ಅಪಘಾತ ಎಂದು ಬರೆಸಿದರೆ ಇಲ್ಲಿಗೆ ಬೀಗ ಬೀಳುತ್ತದೆ, ನಲವತ್ತು ಮನೆಯ ಒಲೆ ಆರುತ್ತದೆ ಎಂದ. ನಲವತ್ತರಲ್ಲಿ ಎರಡು ಇವರವೇ. ಹಾಗಾಗಿ ಅಕ್ಕ ಡಾಕ್ಟರ ಮುಂದೆ, ಕೈ ಮೇಲೆ ಮಲಗಿ ಎದ್ದಾಗ ಹೀಗಾಗಿತ್ತು ಎಂದಳು. ತಂಗಿ ಹೂಂಗುಟ್ಟಿದಳು. ನರ ಒತ್ತಿಹೋಗಿದೆ, ಮೂರ್ನಾಲ್ಕು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ ಎಂದರು ಡಾಕ್ಟರು. ಮಲಗಿ ಆದದ್ದಾಗಿದ್ದರೆ ಆ ಮಾತು ಸರಿಯೇ. ಇಬ್ಬರೂ ಕಾದರು. ಕೈ ಬರಲಿಲ್ಲ.

ಕೊನೆಗೆ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿಯ ಸರ್ಜನ್ ಹೆಂಗಸು, ಮಾತು ಕಡಿಮೆ. ಸ್ಕ್ಯಾನ್ ನೋಡಿ, "ಮಲಗಿದ್ರೆ ನರ ಬೇರುಸಮೇತ ಕಿತ್ತು ಬರಲ್ಲಮ್ಮ. ನಿಜ ಏನಾಯ್ತು ಹೇಳಿ" ಎಂದರು.

ಅಕ್ಕ ಹೇಳಿದಳು. ಸರ್ಜನ್ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಬೆರಳಿಗೆ ಹೋಗುವ ಗಟ್ಟಿ ನರದಿಂದ ಒಂದು ಎಳೆ ತೆಗೆದು ತೋಳಿನ ಸ್ನಾಯುವಿನ ನರಕ್ಕೆ ಜೋಡಿಸುತ್ತೇವೆ, ಆಮೇಲೆ ಮುಷ್ಟಿ ಬಿಗಿದರೆ ಮೊಣಕೈ ಮಡಚಬೇಕು ಎಂದು ವಿವರಿಸಿದರು. "ಆದ್ರೆ ಸ್ನಾಯು ನಮಗೋಸ್ಕರ ಕಾಯ್ತಾ ಕೂರಲ್ಲ, ಸೊರಗಿ ಹೋಗುತ್ತೆ. ಮೂರನೇ ತಿಂಗಳಲ್ಲಿ ಬಂದಿದ್ರೆ ತುತ್ತು ಬಾಯಿಗೆ ತಲುಪೋ ಆಸೆ ಚೆನ್ನಾಗಿತ್ತು."

ಹೊರಗೆ ಬೆಂಚಿನ ಮೇಲೆ ತಂಗಿ, "ಬಿಡಕ್ಕಾ, ನಾನೂ ಹೂಂ ಅಂದೆನಲ್ಲ" ಎಂದಳು. ಚಿಕ್ಕಂದಿನಿಂದ ಅಕ್ಕ ಹೇಳಿದ್ದಕ್ಕೆಲ್ಲ ಹೂಂ ಎಂದವಳೇ ಅವಳು.

ಆಪರೇಷನ್ ಆಯಿತು. ತಂಗಿ ದಿನಕ್ಕೆ ನೂರಾರು ಸಲ ಮುಷ್ಟಿ ಬಿಗಿದಳು. ಐದನೇ ತಿಂಗಳಲ್ಲಿ ತೋಳು ಮಿಡುಕಿತು. ವರ್ಷ ತುಂಬುವಾಗ ಕೈ ಎದೆಯವರೆಗೆ ಬಂತು. ಆಮೇಲೆ ಮೇಲೇರಲೇ ಇಲ್ಲ. ಊಟಕ್ಕೆ ಎಡಗೈಯೇ ಗತಿಯಾಯಿತು.

ರೋಲರ್ ಮುಂದೆ ಈಗ ಹೊಸಬಳೊಬ್ಬಳು ನಿಂತಿದ್ದಳು. ತಡೆಸರಳು ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು. ಅಕ್ಕ ಸರಳು ಹಾಕಿಸಿ ಎಂದಳು. ಸೂಪರ್‌ವೈಸರ್ ಮತ್ತೆ ನಲವತ್ತು ಒಲೆಗಳ ಲೆಕ್ಕ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, ಮಧ್ಯಾಹ್ನವೇ ತಂಗಿಯನ್ನು ಕರೆದುಕೊಂಡು ಕಾರ್ಖಾನೆ ಇನ್‌ಸ್ಪೆಕ್ಟರ್ ಕಚೇರಿಗೆ ಹೋದಳು.

ಎಲ್ಲ ಕೇಳಿದ ಇನ್‌ಸ್ಪೆಕ್ಟರ್ ಕೈ ಎತ್ತಲು ಹೇಳಿದರು. ತಂಗಿ ಮುಷ್ಟಿ ಬಿಗಿದಳು. ಕೈ ಮೇಲೆದ್ದು ಎದೆಯ ಹತ್ತಿರ ನಿಂತಿತು.

"ಇಷ್ಟೇನಾ?"

"ಇಷ್ಟೇ ಸಾರ್" ಎಂದಳು ಅಕ್ಕ. "ಅರ್ಧ ಕೈ ರೋಲರ್ ತಿಂತು, ಇನ್ನರ್ಧ ನನ್ನ ಸುಳ್ಳು ತಿಂತು. ಎರಡನ್ನೂ ಬರ್ಕೊಳ್ಳಿ."